ಬ್ಯಾಟರಿ ಸೋರಿದ 386 ಬೋರ್ಡಿನ ರಿಪೇರಿ: ಪವರ್ ಸಪ್ಲೈನಿಂದ ಡಾಸ್ ಪ್ರಾಂಪ್ಟ್‌ವರೆಗೆ

ಬೆಂಚಿನ ಮೇಲಿರುವ ಯಂತ್ರದ ವಿವರ ಇಷ್ಟು: ಎಎಂಡಿ 386ಡಿಎಕ್ಸ್-40 ಪ್ರೊಸೆಸರ್, ಎಎಂಐ ಬಯೋಸ್ (ಆನ್ ಮಾಡಿದೊಡನೆ ಯಂತ್ರವನ್ನು ಪರೀಕ್ಷಿಸಿ ಎಬ್ಬಿಸುವ ಪ್ರೋಗ್ರಾಮ್), 128 ಕೆಬಿ ಕ್ಯಾಶ್ (ಪ್ರೊಸೆಸರಿನ ಪಕ್ಕದ ವೇಗದ ಮೆಮೊರಿ), 30 ಪಿನ್ನಿನ ಎಂಟು ಸಿಮ್ ಸ್ಲಾಟ್ (ಸಿಮ್ ಅಂದರೆ ಮೆಮೊರಿ ಚಿಪ್ಪುಗಳ ಪುಟ್ಟ ಪಟ್ಟಿ), ಐಎಸ್‌ಎ ವಿಜಿಎ ಕಾರ್ಡ್, ಐಡಿಇ ಮತ್ತು ಫ್ಲಾಪಿ ಎರಡನ್ನೂ ನಡೆಸುವ ಮಲ್ಟಿ ಐಓ ಕಾರ್ಡ್, 120 ಎಂಬಿ ಹಾರ್ಡ್ ಡಿಸ್ಕ್. ಸ್ವಿಚ್ ಒತ್ತಿದರೆ ಫ್ಯಾನ್ ಒಮ್ಮೆ ಅಲುಗಿ ನಿಂತುಬಿಡುತ್ತದೆ. ಬೀಪ್ ಇಲ್ಲ, ಪರದೆಯಲ್ಲಿ ಏನೂ ಇಲ್ಲ.

ಇಂಥ ಹಳೆಯ ಯಂತ್ರದಲ್ಲಿ ಪರದೆ ಹೇಳುವ ದೋಷ ಒಂದು, ಬೋರ್ಡಿನಲ್ಲಿರುವ ದೋಷ ಇನ್ನೊಂದು. ಮುಂದೆ ಈ ಬೋರ್ಡ್ ಕೊಟ್ಟ ಮೂರು ತೊಂದರೆಗಳು ನೋಡಲು ಅಪ್ಪಟ ಸಾಫ್ಟ್‌ವೇರ್ ತೊಂದರೆಗಳಂತೆಯೇ ಇದ್ದವು. ಮೂರರ ಮೂಲವೂ ಹಾರ್ಡ್‌ವೇರಿನಲ್ಲಿತ್ತು. ಹಾಗಾಗಿ ಕೆಲಸ ಕೆಳಗಿನಿಂದ ಮೇಲಕ್ಕೆ ಹೋಗಬೇಕು: ವೋಲ್ಟೇಜ್, ಬೋರ್ಡಿನ ಟ್ರ್ಯಾಕ್ (ತಾಮ್ರದ ಗೆರೆ), ಮೆಮೊರಿ, ಡಿಸ್ಕ್, ಆಮೇಲೆ ಡಾಸ್ (ಆ ಕಾಲದ ಆಪರೇಟಿಂಗ್ ಸಿಸ್ಟಮ್). ಈ ಕ್ರಮ ತಪ್ಪಿಸಿ ನೇರ ಡಾಸ್ ಇನ್‌ಸ್ಟಾಲ್ ಮಾಡಲು ಕೂತರೆ ವಾರಗಟ್ಟಲೆ ಸುತ್ತಿದಲ್ಲೇ ಸುತ್ತಬೇಕಾಗುತ್ತದೆ.

ಪವರ್ ಸಪ್ಲೈ

ಬೋರ್ಡಿಗೆ ಹೋಗುವ ಪಿ8, ಪಿ9 ಕನೆಕ್ಟರುಗಳನ್ನೂ ಡಿಸ್ಕಿನ ಕೇಬಲನ್ನೂ ಕಿತ್ತು ಸಪ್ಲೈಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಹಿಂಬದಿಯಲ್ಲಿ 115/230 ಸ್ವಿಚ್ ಇದ್ದರೆ ಮೊದಲು ಅದನ್ನು ನೋಡಿ. 230 ವೋಲ್ಟ್ ಬರುವಲ್ಲಿ ಅದು 115ರ ಕಡೆ ಇದ್ದರೆ ಒಳಗಿನ ದೊಡ್ಡ ಕೆಪಾಸಿಟರುಗಳು ಸಿಡಿಯುತ್ತವೆ. ಆ ಕಾಲದ ಸಪ್ಲೈಗಳಲ್ಲಿ ಬಹಳಷ್ಟು ಲೋಡ್ ಇಲ್ಲದೆ ಸ್ಟಾರ್ಟ್ ಆಗುವುದೇ ಇಲ್ಲ, ಸ್ಟಾರ್ಟ್ ಆದರೂ ಮೀಟರಿನಲ್ಲಿ ಸಿಗುವ ಅಂಕಿ ನೆಚ್ಚುವಂಥದ್ದಲ್ಲ. 5 ಓಮ್, 10 ವ್ಯಾಟಿನ ಎರಡು ವೈರ್‌ವೌಂಡ್ ರೆಸಿಸ್ಟರುಗಳನ್ನು +5 ಮತ್ತು ಗ್ರೌಂಡ್ ನಡುವೆ ಪಕ್ಕಪಕ್ಕದಲ್ಲಿ ಹಾಕಿದರೆ ಒಟ್ಟು 2 ಆಂಪಿಯರ್ ಎಳೆಯುತ್ತವೆ. ಒಂದೊಂದೂ 5 ವ್ಯಾಟ್ ಬಿಸಿ ಉಗುಳುವುದರಿಂದ ಅವನ್ನು ಪ್ಲಾಸ್ಟಿಕ್ಕಿನ ಮೇಲೆ ಇಡಬೇಡಿ.

+5 ಗೆರೆ 4.75ರಿಂದ 5.25ರೊಳಗೆ, +12 ಗೆರೆ 11.4ರಿಂದ 12.6ರೊಳಗೆ ಇರಬೇಕು. −5 ಮತ್ತು −12ಕ್ಕೆ ಶೇಕಡಾ 10ರವರೆಗೆ ಹೆಚ್ಚುಕಡಿಮೆ ನಡೆಯುತ್ತದೆ. ಪಿ8ರ ಮೊದಲ ತಂತಿ ಪವರ್ ಗುಡ್. ಉಳಿದ ವೋಲ್ಟೇಜುಗಳು ನೆಲೆಗೊಂಡ ಮೇಲೆ ಅದು 5 ವೋಲ್ಟಿಗೆ ಏರಬೇಕು. ಏರದಿದ್ದರೆ ಬೋರ್ಡ್ ರೀಸೆಟ್ಟಿನಲ್ಲೇ ಕೂತಿರುತ್ತದೆ, ಎಲ್ಲ ವೋಲ್ಟೇಜ್ ಸರಿಯಿದ್ದರೂ ಸತ್ತಂತೆಯೇ ಕಾಣುತ್ತದೆ. ಇಲ್ಲಿ ಐದೂ ಸರಿಯಾಗಿದ್ದವು. ಅಂದರೆ ಸಪ್ಲೈ ತಾನಾಗಿ ನಿಲ್ಲುತ್ತಿಲ್ಲ, ಬೋರ್ಡ್ ಅದನ್ನು ನಿಲ್ಲಿಸುತ್ತಿದೆ.

ಸಪ್ಲೈ ಒಳಗೆ ಕೈ ಹಾಕಬೇಕಾಗಿ ಬಂದವರಿಗೆ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಪ್ರೈಮರಿ ಕೆಪಾಸಿಟರುಗಳಲ್ಲಿ 300 ವೋಲ್ಟ್ ಉಳಿದಿರಬಹುದು. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಶನ್ ಇರುವ ಕ್ಲಿಪ್ಪಿನಿಂದ ಹಿಡಿದು ಡಿಸ್ಚಾರ್ಜ್ ಮಾಡಿ, 10 ವೋಲ್ಟಿಗಿಂತ ಕೆಳಗೆ ಇಳಿದದ್ದನ್ನು ಮೀಟರಿನಲ್ಲಿ ನೋಡಿದ ಮೇಲಷ್ಟೇ ಮುಟ್ಟಿ.

ಬೋರ್ಡಿನ ಶಾರ್ಟ್ ಹುಡುಕಲು ಐಎಸ್‌ಎ ಸ್ಲಾಟಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಬಿ ಸಾಲಿನಲ್ಲಿ 1ನೇ ಪಿನ್ ಗ್ರೌಂಡ್, 3 +5, 5 −5, 7 −12, 9 +12. ಎಲ್ಲ ಕಾರ್ಡುಗಳನ್ನೂ ಹೊರತೆಗೆದು ಗ್ರೌಂಡಿಗೆ ಪ್ರತಿರೋಧ ಅಳೆದಾಗ +5ರಲ್ಲಿ ಹತ್ತಾರು ಓಮ್ ಸಿಕ್ಕಿತು, ಅದು ಸಹಜ. −5 ಮತ್ತು −12 ಕಿಲೋಓಮಿನಲ್ಲಿದ್ದವು. +12ರಲ್ಲಿ ಮಾತ್ರ ಒಂದು ಓಮ್ ಕೂಡ ಇಲ್ಲ. +12ರಲ್ಲಿ ಶಾರ್ಟ್ ಕಂಡರೆ ಮೊದಲ ಅನುಮಾನ ಹಳದಿ ಹನಿಯಂಥ ಟ್ಯಾಂಟಲಮ್ ಕೆಪಾಸಿಟರಿನ ಮೇಲೆ. ಕಾರ್ಡುಗಳನ್ನು ಮೊದಲೇ ತೆಗೆಯುವುದು ಯಾಕೆಂದರೆ ಅದೇ ಟ್ಯಾಂಟಲಮ್ ಅವುಗಳ ಮೇಲೂ ಇರುತ್ತದೆ.

ಪವರ್ ಕನೆಕ್ಟರಿನ ಬಳಿ ಇಂಥ ನಾಲ್ಕು ಕೆಪಾಸಿಟರ್ ಒಂದೇ ಗೆರೆಗೆ ಸೇರಿದ್ದರೆ ಯಾವುದು ಹೋಗಿದೆ ಎಂದು ಮೀಟರ್ ಹೇಳುವುದಿಲ್ಲ. ಬೆಂಚ್ ಸಪ್ಲೈಯಲ್ಲಿ 1 ವೋಲ್ಟ್, 1 ಆಂಪಿಯರ್ ಮಿತಿ ಇಟ್ಟು +12 ಗೆರೆಗೆ ಕೊಡಿ. ಶಾರ್ಟ್ ಆದದ್ದು ಅರ್ಧ ನಿಮಿಷದಲ್ಲಿ ಬೆರಳಿಗೆ ಬೆಚ್ಚಗೆ ಸಿಗುತ್ತದೆ, ಉಳಿದವು ತಣ್ಣಗಿರುತ್ತವೆ. ಇಲ್ಲಿ ಹೋಗಿದ್ದುದು 10 ಮೈಕ್ರೋಫ್ಯಾರಡ್, 16 ವೋಲ್ಟಿನದು. ಟ್ಯಾಂಟಲಮನ್ನು ಅದರ ಅಂಕಿಯ ಅರ್ಧದಷ್ಟು ವೋಲ್ಟಿನಲ್ಲಿ ಬಳಸಿದರೆ ಬಾಳುತ್ತದೆ. 12 ವೋಲ್ಟ್ ಗೆರೆಗೆ 16 ತೀರಾ ಬಿಗಿ. ಹಾಗಾಗಿ ಒಂದನ್ನಲ್ಲ, ಆ ಗೆರೆಯ ನಾಲ್ಕನ್ನೂ 25 ವೋಲ್ಟಿನವುಗಳಿಗೆ ಬದಲಿಸಿದ್ದಾಯಿತು. ಧ್ರುವದ ಬಗ್ಗೆ ಎಚ್ಚರ: ಟ್ಯಾಂಟಲಮಿನ ಮೇಲಿನ ಗೀಟು ಪ್ಲಸ್ ತೋರಿಸುತ್ತದೆ, ಸಾಮಾನ್ಯ ಎಲೆಕ್ಟ್ರೋಲಿಟಿಕ್ಕಿನ ಮೇಲಿನ ಪಟ್ಟಿ ಮೈನಸ್ ತೋರಿಸುತ್ತದೆ. ಒಂದರ ಬದಲು ಇನ್ನೊಂದನ್ನು ಗೀಟಿಗೆ ಗೀಟು ಹೊಂದಿಸಿ ಬೆಸೆದರೆ ಆನ್ ಮಾಡಿದ ಕ್ಷಣವೇ ಬೆಂಕಿ.

ಪಿ8, ಪಿ9 ಮತ್ತೆ ಚುಚ್ಚುವಾಗ ಕಪ್ಪು ತಂತಿಗಳು ನಡುವೆ ಒಂದರ ಪಕ್ಕ ಒಂದು ಬರಬೇಕು. ಎರಡೂ ಕನೆಕ್ಟರ್ ಅದಲುಬದಲಾಗಿಯೂ ಸಲೀಸಾಗಿ ಕೂರುತ್ತವೆ. ಹಾಗೆ ಕೂತರೆ ಬೋರ್ಡ್ ಉಳಿಯುವುದಿಲ್ಲ.

ಬ್ಯಾಟರಿ

ಕೀಬೋರ್ಡ್ ಸಾಕೆಟ್ಟಿನ ಪಕ್ಕದ ನೀಲಿ ಪೀಪಾಯಿ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ. ಅದರಿಂದ ಸೋರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ಅದು ಬೋರ್ಡಿನ ಹಸಿರು ಲೇಪವಾದ ಮಾಸ್ಕಿನ ಅಡಿಯಲ್ಲಿ ತಾಮ್ರದ ಉದ್ದಕ್ಕೂ ತೆವಳುತ್ತದೆ; ಮೇಲೆ ಕಾಣುವ ನೀಲಿ ಹಸಿರು ಪುಡಿ ಹಾನಿಯ ಸಣ್ಣ ಭಾಗವಷ್ಟೆ. ಸೋರಿರಲಿ ಬಿಡಲಿ, ಇಂಥ ಬ್ಯಾಟರಿ ಬೋರ್ಡಿನ ಮೇಲೆ ಒಂದು ದಿನವೂ ಇರಬಾರದು. ಗೋದಾಮಿನಲ್ಲಿ ಇಟ್ಟ ಬೋರ್ಡುಗಳನ್ನು ಬೇರೆಲ್ಲಕ್ಕಿಂತ ಹೆಚ್ಚು ಕೊಂದಿರುವುದು ಇದೇ.

ಕಾಲುಗಳನ್ನು ಕಟರಿನಿಂದ ಕತ್ತರಿಸಿ ಬ್ಯಾಟರಿ ತೆಗೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ವಿನೆಗರ್ ಹಚ್ಚಿ ಉಜ್ಜಿದರೆ ಕ್ಷಾರ ನೊರೆಗಟ್ಟಿ ತಟಸ್ಥವಾಗುತ್ತದೆ. ವಿನೆಗರನ್ನು ಅಲ್ಲೇ ಬಿಡಬಾರದು. ಅದೂ ಆಮ್ಲ, ತಾಮ್ರವನ್ನು ಅದೂ ತಿನ್ನುತ್ತದೆ. ಐದು ನಿಮಿಷದ ಒಳಗೆ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು, ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಇನ್ನೊಮ್ಮೆ ತೊಳೆದು, ಪೂರ್ತಿ ಒಣಗಿಸಿ. ಕೀಬೋರ್ಡ್ ಸಾಕೆಟ್ ಮತ್ತು ಚಿಪ್ ಸಾಕೆಟ್ಟುಗಳ ಅಡಿಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿಗೆ ಗಾಳಿ ಊದಬೇಕು.

ಆಮೇಲೆ ಮಾಸ್ಕ್ ಕಪ್ಪಾದ, ಉಬ್ಬಿದ ಕಡೆಯೆಲ್ಲ ಫೈಬರ್‌ಗ್ಲಾಸ್ ಪೆನ್ನಿನಿಂದ ತಾಮ್ರ ಹೊಳೆಯುವವರೆಗೆ ಕೆರೆಯಬೇಕು. ಕಪ್ಪಾದ ತಾಮ್ರಕ್ಕೆ ಸೋಲ್ಡರ್ ಎಷ್ಟು ಬಿಸಿ ಮಾಡಿದರೂ ಹಿಡಿಯುವುದಿಲ್ಲ, ಪ್ಯಾಡ್ ಕಿತ್ತುಬರುತ್ತದೆ ಅಷ್ಟೆ. ಕೆರೆದ ಟ್ರ್ಯಾಕುಗಳಿಗೆ ಫ್ಲಕ್ಸ್ ಹಚ್ಚಿ ತೆಳುವಾಗಿ ಸೋಲ್ಡರ್ ಬಳಿದರೆ ಮುಂದೆ ಕೊರೆಯುವುದು ನಿಲ್ಲುತ್ತದೆ. ಅತಿ ಹೆಚ್ಚು ಮೋಸ ಮಾಡುವುದು ವಯಾಗಳು, ಅಂದರೆ ಬೋರ್ಡಿನ ಎರಡು ಬದಿಯ ಟ್ರ್ಯಾಕುಗಳನ್ನು ಸೇರಿಸುವ ಲೋಹ ಲೇಪಿತ ತೂತುಗಳು: ಎರಡೂ ಬದಿಯಲ್ಲಿ ಉಂಗುರ ಚೆನ್ನಾಗಿ ಕಂಡರೂ ನಡುವಿನ ಲೇಪ ಕೊಳೆತಿರುತ್ತದೆ. ಈ ವಲಯದ ಪ್ರತಿ ವಯಾಗೂ ಮೇಲಿನಿಂದ ಕೆಳಕ್ಕೆ ಕಂಟಿನ್ಯುಯಿಟಿ ನೋಡಿ; ಹೋಗಿದ್ದರೆ ತೆಳು ತಂತಿಯ ಎಳೆಯೊಂದನ್ನು ತೂರಿಸಿ ಎರಡೂ ಬದಿ ಬೆಸೆಯಿರಿ.

32.768 ಕಿಲೋಹರ್ಟ್ಸಿನ ಪುಟ್ಟ ಕ್ರಿಸ್ಟಲ್ ಸಾಮಾನ್ಯವಾಗಿ ಇಲ್ಲೇ ಹತ್ತಿರ ಇರುತ್ತದೆ. ಅದರ ಕಾಲು ತುಕ್ಕು ಹಿಡಿದರೆ ಗಡಿಯಾರ ಒಂದೇ ಸಮಯದಲ್ಲಿ ನಿಂತಿರುತ್ತದೆ, ಬಯೋಸ್ ಮಾತ್ರ ತಾರೀಖು ಸೆಟ್ ಮಾಡಿ ಎಂದು ಪ್ರತಿ ಸಲವೂ ಕೇಳುತ್ತದೆ. ಹೊಸ ಬ್ಯಾಟರಿ ಹಾಕಿದರೂ ಅದು ಹೋಗುವುದಿಲ್ಲ.

ಹೊಸ ಬ್ಯಾಟರಿಯಾಗಿ ಮೂರು ಎಎ ಸೆಲ್ಲಿನ ಹೋಲ್ಡರ್ ಸಾಕು. ಬೋರ್ಡಿನಲ್ಲಿ ಹೊರಗಿನ ಬ್ಯಾಟರಿಗೆಂದು 4 ಪಿನ್ನಿನ ಹೆಡರ್ ಇರುತ್ತದೆ, ಬಹುತೇಕ ಬೋರ್ಡುಗಳಲ್ಲಿ 1 ಪ್ಲಸ್, 4 ಮೈನಸ್. ಪಕ್ಕದ ಜಂಪರನ್ನು ಹೊರಗಿನ ಬ್ಯಾಟರಿಯ ಕಡೆಗೆ ಬದಲಿಸಬೇಕು. ಸೆಲ್ ಹಾಕದೆ ಯಂತ್ರ ಆನ್ ಮಾಡಿ ಹೆಡರಿನಲ್ಲಿ ವೋಲ್ಟೇಜ್ ಅಳೆಯಿರಿ. ಅಲ್ಲಿ ವೋಲ್ಟೇಜ್ ಬಂದರೆ ಬೋರ್ಡ್ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತಿದೆ ಎಂದರ್ಥ. ಅಲ್ಕಲೈನ್ ಸೆಲ್ಲನ್ನು ಚಾರ್ಜ್ ಮಾಡಿದರೆ ಅದೂ ಸೋರುತ್ತದೆ, ಆದ್ದರಿಂದ ಪ್ಲಸ್ ತಂತಿಯಲ್ಲಿ 1ಎನ್4148 ಡಯೋಡನ್ನು ಅದರ ಗೀಟು ಬೋರ್ಡಿನ ಕಡೆ ಬರುವಂತೆ ಹಾಕಿ. 4.5 ವೋಲ್ಟಿನಲ್ಲಿ ಅರ್ಧ ವೋಲ್ಟ್ ಅದು ತಿಂದರೂ 4 ಉಳಿಯುತ್ತದೆ. 3 ವೋಲ್ಟಿನ ನಾಣ್ಯದ ಸೆಲ್ಲಿಗೆ ಇದೇ ಡಯೋಡ್ ಹಾಕಿದರೆ ಉಳಿಯುವುದು 2.5ರ ಆಸುಪಾಸು, ಕೆಲವು ಬೋರ್ಡಿಗೆ ಅದು ಸಾಲದು. ಹೋಲ್ಡರನ್ನು ಬೋರ್ಡಿನಿಂದ ದೂರ, ಕೇಸಿನ ಗೋಡೆಗೆ ಅಂಟಿಸಿ.

ಮೊದಲ ಬೀಪ್

ಈಗ ಬೋರ್ಡ್, ಸ್ಪೀಕರ್, ವಿಜಿಎ ಕಾರ್ಡ್, ನಾಲ್ಕು ಸಿಮ್ ಮಾತ್ರ. ಸ್ಪೀಕರ್ ಮರೆತರೆ ಬೋರ್ಡಿನ ಬಾಯಿಯನ್ನೇ ಕಟ್ಟಿದಂತೆ. 386ಡಿಎಕ್ಸಿನ ಬಸ್ 32 ಬಿಟ್, 30 ಪಿನ್ನಿನ ಸಿಮ್ 8 ಬಿಟ್. ಹಾಗಾಗಿ ನಾಲ್ಕು ಸೇರಿದರೇ ಒಂದು ಬ್ಯಾಂಕ್. ಮೂರು ಹಾಕಿದರೆ ಏನೂ ಆಗದು.

ಬಂದದ್ದು ಮೂರು ಬೀಪ್. ಎಎಂಐ ಬಯೋಸಿನಲ್ಲಿ ಇದು ಮೊದಲ 64 ಕೆಬಿ ಮೆಮೊರಿಯ ದೋಷ. ಸಿಮ್‌ನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಆಲ್ಕೋಹಾಲಿನಿಂದ ಒರೆಸಿ ಮತ್ತೆ ಕೂರಿಸಿದಾಗ ಮೆಮೊರಿ ಎಣಿಕೆ ಶುರುವಾಯಿತು. ಸ್ಲಾಟಿನ ಪ್ಲಾಸ್ಟಿಕ್ ಕೊಂಡಿಗಳು ಈ ವಯಸ್ಸಿಗೆ ಬಿಸ್ಕತ್ತಿನಷ್ಟು ಪೆಳುಸಾಗಿರುತ್ತವೆ. ಎರಡೂ ಹೆಬ್ಬೆರಳಿನ ಉಗುರಿನಿಂದ ಒಟ್ಟಿಗೆ ಹೊರಕ್ಕೆ ಸರಿಸಿ, ಸಿಮ್ಮನ್ನು ಎಳೆಯದೆ ಓರೆಯಾಗಿ ಬಿಡಿಸಿ. ಎಣಿಕೆ ಮುಗಿದು ಪ್ಯಾರಿಟಿ (ತಪ್ಪು ಹಿಡಿಯಲೆಂದು ಪ್ರತಿ ಬೈಟಿಗೆ ಇಡುವ ಒಂದು ಹೆಚ್ಚುವರಿ ಬಿಟ್) ಎರರ್ ಬಂದರೆ ಸಿಮ್ ಮೇಲಿನ ಚಿಪ್ಪುಗಳನ್ನು ಎಣಿಸಿ: 9 ಅಥವಾ 3 ಇದ್ದರೆ ಪ್ಯಾರಿಟಿ ಇದೆ, 8 ಅಥವಾ 2 ಇದ್ದರೆ ಇಲ್ಲ. ಪ್ಯಾರಿಟಿ ಇಲ್ಲದ ಸಿಮ್ ಕೆಟ್ಟಿರುವುದಿಲ್ಲ, ಬಯೋಸಿನಲ್ಲಿ ಪ್ಯಾರಿಟಿ ಚೆಕ್ ಆಫ್ ಮಾಡಬೇಕು ಅಷ್ಟೆ. ಒಂದೇ ಬ್ಯಾಂಕಿನಲ್ಲಿ 9 ಚಿಪ್ಪಿನದನ್ನೂ 3 ಚಿಪ್ಪಿನದನ್ನೂ ಬೆರೆಸದಿರುವುದು ಒಳ್ಳೆಯದು.

ಎ20: ಡಾಸ್ ಹೇಳಿದ್ದು, ಬೋರ್ಡ್ ಮಾಡಿದ್ದು

ಫ್ಲಾಪಿಯಿಂದ ಡಾಸ್ 6.22 ಬೂಟ್ ಆಯಿತು. 1 ಎಂಬಿಗಿಂತ ಮೇಲಿನ ಮೆಮೊರಿಯನ್ನು ನೋಡಿಕೊಳ್ಳುವ ಹಿಮೆಮ್.ಸಿಸ್ ಲೋಡ್ ಆಗುವ ಹೊತ್ತಿಗೆ ಪರದೆಯಲ್ಲಿ ‘ಅನೇಬಲ್ ಟು ಕಂಟ್ರೋಲ್ ಎ20 ಲೈನ್’ (ಎ20 ಗೆರೆ ಹಿಡಿತಕ್ಕೆ ಸಿಗುತ್ತಿಲ್ಲ) ಎಂದು ಬಂತು, ಡಾಸ್ ಹೈ ಮೆಮೊರಿಗೆ ಹೋಗಲಿಲ್ಲ. ಇಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಹಿಮೆಮ್ ಸಾಲಿಗೆ ಮಷಿನ್ ಸ್ವಿಚ್ ಸೇರಿಸಿ ಒಂದೊಂದೇ ಅಂಕಿ ಬದಲಿಸುತ್ತಾ ಹೋಗಿ ಎನ್ನುವುದು. ಬ್ಯಾಟರಿ ಸೋರಿದ ಬೋರ್ಡಿನಲ್ಲಿ ಅದನ್ನು ಮಾಡುವ ಮೊದಲು ಕೀಬೋರ್ಡ್ ಕಂಟ್ರೋಲರನ್ನು ನೋಡಬೇಕು.

ಕಾರಣ ಹೀಗಿದೆ. 8086 ಪ್ರೊಸೆಸರಿಗೆ ಇದ್ದುದು 20 ವಿಳಾಸ ಗೆರೆ, 1 ಎಂಬಿ ದಾಟಿದ ವಿಳಾಸ ಮತ್ತೆ ಸೊನ್ನೆಗೆ ಸುತ್ತಿ ಬರುತ್ತಿತ್ತು. ಕೆಲವು ಪ್ರೋಗ್ರಾಮುಗಳು ಇದನ್ನೇ ನೆಚ್ಚಿದ್ದವು. 1984ರ ಐಬಿಎಂ ಪಿಸಿ ಎಟಿಯಲ್ಲಿ ಅವು ಕೆಡಬಾರದೆಂದು 21ನೇ ಗೆರೆಯಾದ ಎ20ಗೆ ಒಂದು ಬಾಗಿಲು ಇಟ್ಟರು, ಅದರ ಕೀಲಿಯನ್ನು ಕೀಬೋರ್ಡ್ ಕಂಟ್ರೋಲರಾದ 8042 ಚಿಪ್ಪಿನ ಖಾಲಿಯಿದ್ದ ಪಿನ್ನಿಗೆ ಕೊಟ್ಟರು. 40 ಪಿನ್ನಿನ ಆ ಚಿಪ್ಪಿನಲ್ಲಿ ಅದು 22ನೇ ಪಿನ್. ಅದರ ಪಕ್ಕದ 21 ಪ್ರೊಸೆಸರನ್ನು ರೀಸೆಟ್ ಮಾಡುವ ಪಿನ್. ಈ ಚಿಪ್ ಕೀಬೋರ್ಡ್ ಸಾಕೆಟ್ಟಿನ ಹತ್ತಿರ, ಅಂದರೆ ಬಹಳ ಬೋರ್ಡುಗಳಲ್ಲಿ ಬ್ಯಾಟರಿಯ ಹತ್ತಿರವೇ ಇರುತ್ತದೆ.

ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಮೆಮೊರಿಯ ಬೈಟುಗಳನ್ನು ತೋರಿಸುವ ಡಾಸಿನ ಡಿಬಗ್ ಪ್ರೋಗ್ರಾಮಿನಲ್ಲೇ ತಿಳಿಯಬಹುದು. ಹಿಮೆಮ್ ಇಲ್ಲದೆ ಬೂಟ್ ಮಾಡಿ ‘ಡಿ 0:0’ ಕೊಡಿ, ಆಮೇಲೆ ‘ಡಿ ಎಫ್‌ಎಫ್‌ಎಫ್‌ಎಫ್:10’ ಕೊಡಿ. ಎರಡನೆಯದು ಸರಿಯಾಗಿ 1 ಎಂಬಿಯ ವಿಳಾಸ. ಎರಡೂ ಕಡೆ ಒಂದೇ ಬೈಟುಗಳು ಕಂಡರೆ ಎ20 ಮುಚ್ಚಿದೆ, ಬೇರೆ ಕಂಡರೆ ತೆರೆದಿದೆ. ಇಲ್ಲಿ ಬೇರೆ ಕಂಡವು, ಹಿಮೆಮ್ ಮುಟ್ಟುವ ಮೊದಲೇ. ಅಂದರೆ ಬಾಗಿಲು ಸದಾ ತೆರೆದೇ ಇದೆ. ಹಿಮೆಮ್‌ಗೆ ಅದನ್ನು ಮುಚ್ಚಲು ಆಗುತ್ತಿಲ್ಲ, ಅದಕ್ಕೇ ಆ ಸಂದೇಶ. 1 ಎಂಬಿಗಿಂತ ಮೇಲಿನ ಮೆಮೊರಿಯನ್ನು ಬಯೋಸ್ ತಕರಾರಿಲ್ಲದೆ ಎಣಿಸಿದ್ದೂ ಇದೇ ಕಾರಣಕ್ಕೆ. ತೆರೆದ ಬಾಗಿಲು ಎಣಿಕೆಗೆ ಅಡ್ಡಿಯಲ್ಲ.

ಲಾಜಿಕ್ ಪ್ರೋಬನ್ನು 22ನೇ ಪಿನ್ನಿನ ಮೇಲೆ ಇಟ್ಟರೆ ಹಿಮೆಮ್ ಲೋಡ್ ಆಗುವಾಗ ಅದು ಮೇಲೆ ಕೆಳಗೆ ಆಡುತ್ತದೆ. ಚಿಪ್ ಬದುಕಿದೆ, ಆದೇಶ ಹೊರಡುತ್ತಿದೆ, ಚಿಪ್‌ಸೆಟ್ಟಿಗೆ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್ಪುಗಳಿಗೆ) ತಲುಪುತ್ತಿಲ್ಲ. ಟ್ರ್ಯಾಕ್ ಕಡಿದು ತೇಲುತ್ತಿರುವ ಇನ್‌ಪುಟ್ಟನ್ನು ಚಿಪ್‌ಸೆಟ್ ಹೈ ಎಂದೇ ಓದಿಕೊಳ್ಳುತ್ತಿದೆ. ಕರೆಂಟ್ ತೆಗೆದು, 8042ನ್ನು ಸಾಕೆಟ್ಟಿನಿಂದ ಬಿಡಿಸಿ, ಟ್ರ್ಯಾಕನ್ನು ಹಿಂಬಾಲಿಸಿದಾಗ ಮಾಸ್ಕಿನ ಅಡಿ ಕಪ್ಪು ಗೆರೆಯೊಂದು ಸಾಕೆಟ್ಟಿನ ಒಳಗಿದ್ದ ವಯಾಗೆ ಹೋಗಿ ನಿಂತಿತ್ತು. ವಯಾದ ಮೇಲಿಗೂ ಕೆಳಗಿಗೂ ಸಂಪರ್ಕವೇ ಇಲ್ಲ. ಸಾಕೆಟ್ ಅಡ್ಡ ಬಂದದ್ದರಿಂದ ತೊಳೆಯುವಾಗ ಅದು ಕಣ್ಣಿಗೆ ಬೀಳುವ ಜಾಗದಲ್ಲೇ ಇರಲಿಲ್ಲ. ಬೋರ್ಡಿನ ಹಿಂಬದಿಯಲ್ಲಿ 22ನೇ ಪಿನ್ನಿನಿಂದ, ಆ ಗೆರೆ ಮತ್ತೆ ಆರೋಗ್ಯವಾಗಿ ಮುಂದುವರಿಯುವ ವಯಾದವರೆಗೆ 30 ಗೇಜಿನ ಇನ್ಸುಲೇಟೆಡ್ ತಂತಿ ಎಳೆದು ಬೆಸೆದಾಯಿತು. ಯಾವ ಕಡೆ ಹೋಗುತ್ತದೆ ಎಂದು ಕಣ್ಣಿಗೆ ಸಿಗದಿದ್ದರೆ ಚಿಪ್‌ಸೆಟ್ಟಿನ ಡೇಟಾಶೀಟಿನಲ್ಲಿ ಗೇಟ್ ಎ20 ಎಂಬ ಹೆಸರಿನ ಇನ್‌ಪುಟ್ ಹುಡುಕಿ ನೇರ ಅಲ್ಲಿಗೇ ಎಳೆಯಬಹುದು.

ಮತ್ತೆ ಡಿಬಗ್: ಎರಡೂ ಕಡೆ ಒಂದೇ ಬೈಟುಗಳು. ಹಿಮೆಮ್ ಯಾವ ಸ್ವಿಚ್ಚೂ ಇಲ್ಲದೆ ಲೋಡ್ ಆಯಿತು.

ಡಿಸ್ಕ್

ಹಳೆಯ ಹಾರ್ಡ್ ಡಿಸ್ಕ್ ತಿರುಗುತ್ತಿದ್ದರೆ ಅದರ ಮೇಲೆ ಏನನ್ನೂ ಬರೆಯುವ ಮೊದಲು ಐಡಿಇ ಇರುವ ಹೊಸ ಯಂತ್ರಕ್ಕೆ ಹಾಕಿ ಡಿಡಿರೆಸ್ಕ್ಯೂ ಪ್ರೋಗ್ರಾಮಿನಿಂದ ಇಡೀ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ತೆಗೆದಿಡಿ. ಸ್ಕ್ಯಾನ್‌ಡಿಸ್ಕ್ ಓಡಿಸುವುದು ಆಮೇಲೆ.

ಬದಲಿಗೆ 512 ಎಂಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್, ಐಡಿಇ ಅಡಾಪ್ಟರ್ ಜೊತೆ. ಈ ಬಯೋಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರಿಗಿಂತ ಆಚೆ ನೋಡಲಾರದು. ಗುಣಿಸಿ 512 ಬೈಟಿನಿಂದ ಲೆಕ್ಕ ಹಾಕಿದರೆ 504 ಎಂಬಿ, ಕಾರ್ಡಿನ ಮೇಲೆ ಬರೆಯುವ ಹತ್ತು ಲಕ್ಷ ಬೈಟಿನ ಲೆಕ್ಕದಲ್ಲಿ 528. ಬಯೋಸಿನ ಡಿಸ್ಕ್ ಪಟ್ಟಿಯಲ್ಲಿ ಟೈಪ್ 47 ಆರಿಸಿ ಕಾರ್ಡಿನ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿಗಳನ್ನು ಕೈಯಾರೆ ತುಂಬಬೇಕು. ಅದಕ್ಕಿಂತ ದೊಡ್ಡ ಕಾರ್ಡಾದರೆ 1024, 16, 63 ಕೊಟ್ಟು ಉಳಿದ ಜಾಗ ಬಿಟ್ಟುಬಿಡಿ, ಇಲ್ಲವೇ ನೆಟ್‌ವರ್ಕ್ ಕಾರ್ಡಿನ ಬೂಟ್ ರೋಮ್ ಸಾಕೆಟ್ಟಿನಲ್ಲಿ, ದೊಡ್ಡ ಡಿಸ್ಕನ್ನೂ ನೋಡಬಲ್ಲ ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್ ಬರೆದ ಈಪ್ರಾಮ್ ಚಿಪ್ ಕೂರಿಸಿ.

‘ಮಿಸಿಂಗ್ ಆಪರೇಟಿಂಗ್ ಸಿಸ್ಟಮ್’ ಎಂಬ ಸಂದೇಶಕ್ಕೆ ಜನ ಡಾಸನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಬಹುತೇಕ ಸಲ ಕಾರಣ ಜಿಯಾಮೆಟ್ರಿ, ಅಂದರೆ ಸಿಲಿಂಡರ್, ಹೆಡ್, ಸೆಕ್ಟರುಗಳ ಲೆಕ್ಕ: ಕಾರ್ಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪಾರ್ಟಿಷನ್ ಮಾಡಿದಾಗ ಅಲ್ಲಿಯ ಹೆಡ್ ಲೆಕ್ಕ ಬೇರೆ, ಇಲ್ಲಿಯದು ಬೇರೆ. ಕಾರ್ಡಿನ ಮೊದಲ ಸೆಕ್ಟರಿಗೆ ಸೊನ್ನೆ ಬರೆದು, ಇದೇ ಯಂತ್ರದಲ್ಲಿ ಎಫ್‌ಡಿಸ್ಕ್ ಮಾಡಿ, ಪಾರ್ಟಿಷನ್ನನ್ನು ಆ್ಯಕ್ಟಿವ್ ಮಾಡಿ, ರೀಬೂಟ್ ಮಾಡಿ, ‘ಫಾರ್ಮ್ಯಾಟ್ ಸಿ: /ಎಸ್’ ಕೊಡಿ. ಕೊನೆಗೆ ‘ಎಫ್‌ಡಿಸ್ಕ್ /ಎಂಬಿಆರ್’. ಆಮೇಲೆ ಬಯೋಸಿನ ಆ ಮೂರು ಅಂಕಿಗಳನ್ನು ಕಾಗದದಲ್ಲಿ ಬರೆದು ಕೇಸಿನ ಒಳಗೆ ಅಂಟಿಸಿ. ಸೆಲ್ ಮುಗಿದ ದಿನ ಬೇರೆ ಅಂಕಿ ತುಂಬಿ ಬರೆಯಲು ಹೋದರೆ ಫೈಲುಗಳೆಲ್ಲ ಕಲಸಿಹೋಗುತ್ತವೆ.

ವಿಂಡೋಸ್ 3.1 ಮತ್ತು ಕ್ಯಾಶ್

ಡಾಸ್ ನೆಟ್ಟಗಿತ್ತು. ವಿಂಡೋಸ್ 3.1 ಮಾತ್ರ ಒಮ್ಮೆ ಐದು ನಿಮಿಷಕ್ಕೆ, ಒಮ್ಮೆ ಅರ್ಧ ಗಂಟೆಗೆ ಜನರಲ್ ಪ್ರೊಟೆಕ್ಷನ್ ಫಾಲ್ಟ್ ಕೊಟ್ಟು ಬೀಳುತ್ತಿತ್ತು, ಪ್ರತಿ ಸಲವೂ ಬೇರೆ ಫೈಲಿನ ಹೆಸರು ಹೇಳಿ. ಹೆಸರು ಒಂದೇ ಇದ್ದರೆ ಆ ಫೈಲನ್ನು ಅನುಮಾನಿಸಿ. ಬದಲಾಗುತ್ತಿದ್ದರೆ ಮೆಮೊರಿ ಅಥವಾ ಕ್ಯಾಶನ್ನು. ಮೊದಲು 32 ಬಿಟ್ ಡಿಸ್ಕ್ ಆ್ಯಕ್ಸೆಸ್ ಆಫ್ ಮಾಡಿ, ಫ್ಲ್ಯಾಶ್ ಕಾರ್ಡಿನ ಜೊತೆ ಅದು ನೆಚ್ಚುವಂಥದ್ದಲ್ಲ. ಆದರೂ ನಿಲ್ಲಲಿಲ್ಲ. ಬಯೋಸಿನಲ್ಲಿ ಎಕ್ಸ್‌ಟರ್ನಲ್ ಕ್ಯಾಶ್ ಆಫ್ ಮಾಡಿದಾಗ ನಿಂತಿತು, ವೇಗವೂ ಬಿತ್ತು.

ಕ್ಯಾಶ್ ಅಂದರೆ ಇಲ್ಲಿ 32 ಕೆಬಿಯ ನಾಲ್ಕು ಚಿಪ್ ಮತ್ತು 8 ಕೆಬಿಯ ಒಂದು ಟ್ಯಾಗ್ ಚಿಪ್ (ಯಾವ ವಿಳಾಸದ ಡೇಟಾ ಕ್ಯಾಶಿನಲ್ಲಿದೆ ಎಂದು ನೆನಪಿಡುವುದು), ಎಲ್ಲವೂ 28 ಪಿನ್ನಿನವು, ಸಾಕೆಟ್ಟಿನಲ್ಲಿ. ಒಂದೊಂದನ್ನೇ ಬಿಡಿಸಿ ಕಾಲು ಒರೆಸಿ ಒತ್ತಿ ಕೂರಿಸಿದರೆ ಅರ್ಧ ಪ್ರಕರಣ ಅಲ್ಲೇ ಮುಗಿಯುತ್ತದೆ. ಇದು ಮುಗಿಯಲಿಲ್ಲ. ಟ್ಯಾಗ್ ಚಿಪ್ ಮೇಲೆ 25 ಎಂದಿತ್ತು, ಅಂದರೆ 25 ನ್ಯಾನೋಸೆಕೆಂಡ್. 40 ಮೆಗಾಹರ್ಟ್ಸಿನಲ್ಲಿ ಒಂದು ಕ್ಲಾಕ್ ಅಷ್ಟೇ ಉದ್ದ, ಹೋಲಿಸಿ ನೋಡಲು ಸಮಯವೇ ಉಳಿಯುವುದಿಲ್ಲ. 15 ನ್ಯಾನೋಸೆಕೆಂಡಿನದು ಹಾಕಿ, ಕ್ಯಾಶ್ ಆನ್ ಮಾಡಿ, ಹಳೆಯ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿದಾಗ ಒಂದೂ ದೋಷ ಬರಲಿಲ್ಲ. ಚಿಪ್ ಸಿಗುವವರೆಗೆ ಬಯೋಸಿನಲ್ಲಿ ಕ್ಯಾಶ್ ವೇಟ್ ಸ್ಟೇಟನ್ನು (ಪ್ರೊಸೆಸರ್ ಕಾಯುವ ಕ್ಲಾಕುಗಳ ಸಂಖ್ಯೆಯನ್ನು) 1ಕ್ಕೆ ಏರಿಸಿ ಕೆಲಸ ನಡೆಸಬಹುದು.

ಫ್ಲಾಪಿ

34 ತಂತಿಯ ಕೇಬಲಿನಲ್ಲಿ 10ರಿಂದ 16ರವರೆಗಿನ ತಂತಿಗಳು ತಿರುಚಿದ ಜಾಗದ ಆಚೆ ಇರುವುದು ಎ ಡ್ರೈವ್. ಡ್ರೈವಿನ ದೀಪ ಆರದೆ ಉರಿಯುತ್ತಿದ್ದರೆ ಕೇಬಲ್ ತಿರುಗುಮುರುಗಾಗಿದೆ, ತಕ್ಷಣ ಆಫ್ ಮಾಡಿ. ಆ ಸ್ಥಿತಿಯಲ್ಲಿ ಹಾಕಿದ ಡಿಸ್ಕ್ ಅಳಿಸಿಹೋಗಬಹುದು.

ಈ ಯಂತ್ರಕ್ಕೆ ಹಾಕಿದ ಬದಲಿ ಡ್ರೈವಿನಲ್ಲಿ ಇನ್ನೊಂದು ಅಪಾಯ ಕಂಡಿತು. ಡಿಸ್ಕ್ ಬದಲಿಸಿ ‘ಡಿಐಆರ್’ ಕೊಟ್ಟರೆ ಹಿಂದಿನ ಡಿಸ್ಕಿನ ಪಟ್ಟಿಯೇ ಬರುತ್ತದೆ. ಡಾಸ್ ಕೆಟ್ಟಿಲ್ಲ. ಡಿಸ್ಕ್ ಬದಲಾಯಿತು ಎಂದು ಡ್ರೈವ್ 34ನೇ ಪಿನ್ನಿನಲ್ಲಿ ಹೇಳಬೇಕು, ಇದು ಹೇಳುತ್ತಿಲ್ಲ, ಡಾಸ್ ತನ್ನ ನೆನಪಿನಲ್ಲಿರುವುದನ್ನೇ ತೋರಿಸುತ್ತಿದೆ. ಈ ಸ್ಥಿತಿಯಲ್ಲಿ ಎರಡನೇ ಡಿಸ್ಕಿಗೆ ಏನಾದರೂ ಬರೆದರೆ ಅದರ ಮೇಲೆ ಮೊದಲನೆಯದರ ಎಫ್‌ಎಟಿ (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿ) ಕೂರುತ್ತದೆ, ಒಳಗಿದ್ದುದೆಲ್ಲ ಹೋದಂತೆ. ಬೇರೆ ಬಗೆಯ ಕಂಪ್ಯೂಟರಿಗೆಂದು ಮಾಡಿದ ಡ್ರೈವುಗಳಲ್ಲಿ ಆ ಪಿನ್ನು ರೆಡಿ ಸಂಕೇತಕ್ಕೆ ಜೋಡಿಸಿರುತ್ತದೆ. ಡ್ರೈವಿನ ಅಡಿಯಲ್ಲಿ ಡಿಸಿ (ಡಿಸ್ಕ್ ಚೇಂಜ್), ಆರ್‌ಡಿವೈ (ರೆಡಿ) ಎಂದು ಗುರುತಿನ ಜಂಪರ್ ಅಥವಾ ಬೆಸುಗೆಯ ಚುಕ್ಕೆ ಇದ್ದರೆ ಡಿಸಿ ಕಡೆಗೆ ಬದಲಿಸಿ. ಅದೂ ಇಲ್ಲದಿದ್ದರೆ ಕಾನ್ಫಿಗ್.ಸಿಸ್‌ಗೆ ‘ಡ್ರಿವ್‌ಪಾರ್ಮ್=/ಡಿ:0 /ಎಫ್:7’ ಸೇರಿಸಿ. ಅದರಲ್ಲಿ ‘/ಸಿ’ ಇಲ್ಲದಿರುವುದೇ ಮುಖ್ಯ: ಈ ಡ್ರೈವ್ ಬದಲಾವಣೆ ಹೇಳದು ಎಂದು ಡಾಸಿಗೆ ಅದರಿಂದ ತಿಳಿಯುತ್ತದೆ, ನೆನಪನ್ನು ನೆಚ್ಚದೆ ಡಿಸ್ಕನ್ನೇ ಓದುತ್ತದೆ. ಇಲ್ಲಿ ಜಂಪರ್ ಇತ್ತು, ಬದಲಿಸಿದ ಮೇಲೆ ಪಟ್ಟಿ ಸರಿಯಾಗಿ ಬರುತ್ತಿದೆ. ಆ ಡ್ರೈವಿನಲ್ಲಿ ಹಿಂದೆ ಬರೆದ ಡಿಸ್ಕುಗಳಿದ್ದರೆ ಅವನ್ನು ನೋಡುವ ಮೊದಲು ರೈಟ್ ಪ್ರೊಟೆಕ್ಟ್ ಕಿಂಡಿ ತೆರೆದಿಡಿ.